ದಕ್ಷಿಣಕ್ಕೆ ಹಾಕಿದ ಮದುವೆ

ಮಾರ್ಚ್ ಕೊನೆಯ ಹೊತ್ತಿಗೆ ರಂದುಸಾವಿತ್ ಊರ ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ನಾನೂರ ಹನ್ನೆರಡು ಫೈಲುಗಳಿದ್ದವು. ಇದು ಅಂದಾಜಲ್ಲ. ಆ ಕಂಪ್ಯೂಟರನ್ನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಪಾಕ್ ಪೊನಿರಾನ್ ಎರಡು ಸಲ ಎಣಿಸಿದ್ದರು. ಮೊದಲ ಸಲ ನಾನೂರ ಒಂಬತ್ತು ಬಂತು. ಎಣಿಸುತ್ತಿರುವಾಗಲೇ ಯಾರೋ ಮೂರು ಹೊಸ ಫೈಲು ಹಾಕಿದ್ದರು. ಒಂದರ ಹೆಸರು ‘ಹೊಸದು’, ಇನ್ನೊಂದರದು ‘ಹೊಸದು ಸರಿಯಾದ್ದು’, ಮೂರನೆಯದು ‘ಇದೇ’. ಪರದೆಯ ಹಿನ್ನೆಲೆಯಲ್ಲಿ ಊರ ಮುಖ್ಯಸ್ಥೆ ಬು ವುರ್ಯಾನಿಯವರ ಭಾವಚಿತ್ರವಿತ್ತು (ನಮ್ಮಲ್ಲಿ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಎನ್ನುವುದು ಮರ್ಯಾದೆ). ಫೈಲುಗಳ ನಡುವೆ ಅವರ ಒಂದು ಕಿವಿ ಮಾತ್ರ ಕಾಣುತ್ತಿತ್ತು.

ಏಪ್ರಿಲ್‌ನಲ್ಲಿ ಪೊನಿರಾನ್ ಅವರನ್ನು ಜಿಲ್ಲಾ ಕೇಂದ್ರಕ್ಕೆ ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ: ಸರಳ ಪರದೆ. ಕಲಿಸಲು ಬಂದ ಯುವಕ ಹೇಳಿದ್ದು ಮೂರೇ ಮಾತು. ಒಳ್ಳೆಯ ಪರದೆಗೆ ವಿವರಣೆ ಬೇಡ. ಹೆಸರು ಓದಿ ಹುಡುಕಬೇಕಾಗಿ ಬಂದರೆ ಆ ಪರದೆ ಸೋತಂತೆ. ಬಳಸುವವರ ತಲೆಯಲ್ಲಿ ಮೊದಲೇ ಏನಿದೆಯೋ ಅದನ್ನೇ ಪರದೆಯ ಮೇಲಿಡಿ. ಉಳಿದವರು ಇದನ್ನು ಬರೆದುಕೊಂಡು ಊಟಕ್ಕೆ ಹೋದರು. ಪೊನಿರಾನ್ ನಂಬಿಬಿಟ್ಟರು.

ಬಸ್ಸಿನಲ್ಲಿ ಹಿಂದಿರುಗುವಾಗ ಅವರು ನಮ್ಮ ಊರಿನವರ ತಲೆಯಲ್ಲಿ ಮೊದಲೇ ಏನಿದೆ ಎಂದು ಯೋಚಿಸಿದರು. ಉತ್ತರ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಏಕೆಂದರೆ ಪಕ್ಕದ ಹೆಂಗಸು, “ಪಾಕ್, ಒಂಚೂರು ಪಶ್ಚಿಮಕ್ಕೆ ಸರೀತೀರಾ, ಮಗು ಕೂರಿಸ್ಕೋಬೇಕು,” ಎಂದಳು.

ನಮ್ಮ ಕಡೆ ಎಡ ಬಲ ಎನ್ನುವುದು ಚಪ್ಪಲಿಗೆ ಮಾತ್ರ. ಮೆರಾಪಿ ಪರ್ವತ ಉತ್ತರಕ್ಕಿದೆ, ಸಮುದ್ರ ದಕ್ಷಿಣಕ್ಕಿದೆ, ಮಿಕ್ಕದ್ದೆಲ್ಲ ಇವೆರಡರ ನಡುವೆ ಇದೆ. ಉಪ್ಪಿನ ಡಬ್ಬಿ ಸಕ್ಕರೆ ಡಬ್ಬಿಯ ಪೂರ್ವಕ್ಕಿರುತ್ತದೆ. ಹಲ್ಲಿನ ಡಾಕ್ಟರು, “ನೋವು ಉತ್ತರದ ದವಡೆಲೋ ದಕ್ಷಿಣದ್ರಲ್ಲೋ?” ಎಂದು ಕೇಳುತ್ತಾರೆ. ಕುರ್ಚಿ ತಿರುಗಿಸಿದರೆ ನೋವಿನ ದಿಕ್ಕೂ ಬದಲಾಗುತ್ತದೆ. ಇದರಿಂದ ತಪ್ಪು ಹಲ್ಲು ಕಿತ್ತ ದಾಖಲೆ ಇಲ್ಲ.

ಮರುದಿನ ಪೊನಿರಾನ್ ನಾನೂರ ಹನ್ನೆರಡು ಫೈಲುಗಳನ್ನು ಒಳಗೆಲ್ಲೋ ತುಂಬಿ, ಖಾಲಿ ಪರದೆಯ ಮೇಲೆ ನಾಲ್ಕು ಫೋಲ್ಡರುಗಳನ್ನು ಇಟ್ಟರು. ಕಂಪ್ಯೂಟರಿನ ಮೇಜು ಉತ್ತರದ ಗೋಡೆಗೆ ತಾಗಿತ್ತು. ಹಾಗಾಗಿ ಕೂತವರ ಮುಖ ಉತ್ತರಕ್ಕಿರುತ್ತಿತ್ತು, ಪರದೆಯ ಮೇಲಂಚು ಉತ್ತರವಾಯಿತು, ಕೆಳಗಂಚು ದಕ್ಷಿಣ. ಸೂರ್ಯ ಹುಟ್ಟುವ ಪೂರ್ವಕ್ಕೆ ಜನನದ ಅರ್ಜಿ. ಮುಳುಗುವ ಪಶ್ಚಿಮಕ್ಕೆ ಮರಣ. ಪರ್ವತವಿರುವ ಉತ್ತರಕ್ಕೆ ಜಮೀನು. ದಕ್ಷಿಣಕ್ಕೆ ಮದುವೆ. ಯಾವುದಕ್ಕೂ ಹೆಸರಿಲ್ಲ. ಹೆಸರಿಲ್ಲದ ಫೋಲ್ಡರನ್ನು ಕಂಪ್ಯೂಟರ್ ಒಪ್ಪುವುದಿಲ್ಲವಾದ್ದರಿಂದ ಒಂದಕ್ಕೆ ಒಂದು ಖಾಲಿ ಅಕ್ಷರ, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ ಹಾಕಿದರು. ಯಾವ ಫೋಲ್ಡರಿಗೆ ಹಾಕಿದ ಅರ್ಜಿಯಾದರೂ ಮಧ್ಯಾಹ್ನ ಮೂರಕ್ಕೆ ತಾನಾಗಿ ಜಿಲ್ಲೆಯ ಆಯಾ ಕಚೇರಿಗೆ ಹೋಗಿ, ಫೋಲ್ಡರು ಮತ್ತೆ ಖಾಲಿಯಾಗುತ್ತಿತ್ತು.

ಹಿರಿಯ ಗುಮಾಸ್ತೆ ಬು ಸುಮಿಯೆಮ್ ಐವತ್ತೇಳು ವರ್ಷದವರು. ಅವರು ಮೌಸನ್ನು ಅದುವರೆಗೆ ಒರೆಸಲು ಮಾತ್ರ ಮುಟ್ಟಿದ್ದರು.

“ಸತ್ತೋರ ತಲೆ ಉತ್ತರಕ್ಕಲ್ವಾ ಇಡೋದು? ಮರಣ ಉತ್ತರಕ್ಕಿರ್ಬೇಕಿತ್ತು,” ಎಂದರು ಅವರು.

“ತಲೆ ಉತ್ತರಕ್ಕೇ ಬು. ಆದ್ರೆ ಹೋಗೋದು ಪಶ್ಚಿಮಕ್ಕೆ.”

“ಹೋಗೋದು ಎಲ್ಲಿಗೆ ಅಂತ ನಿಮಗೆ ಯಾರು ಹೇಳಿದ್ರು?”

“ಸೂರ್ಯನ್ನ ನೋಡಿ ಹೇಳ್ತಿದೀನಿ.”

ಸುಮಿಯೆಮ್ ಒಪ್ಪಿದರು. ಮೂರು ದಿನದಲ್ಲಿ ಅವರು ಯಾರ ಸಹಾಯವೂ ಇಲ್ಲದೆ ಜನನವನ್ನು ಪೂರ್ವಕ್ಕೂ ಜಮೀನನ್ನು ಉತ್ತರಕ್ಕೂ ಎಳೆದು ಹಾಕುತ್ತಿದ್ದರು. ತಮ್ಮ ಪೂರ್ತಿ ಮುಖ ಪರದೆಯ ಮೇಲೆ ಕಾಣತೊಡಗಿದ್ದು ಬು ವುರ್ಯಾನಿಯವರಿಗೂ ಇಷ್ಟವಾಯಿತು. ಜಿಲ್ಲೆಯ ಉತ್ತಮ ಸೇವೆಯ ಸ್ಪರ್ಧೆಗೆ ಅವರು ನಾಲ್ಕು ದಿಕ್ಕಿನ ಪರದೆಯನ್ನು ಸೇರಿಸಿದರು. ತೀರ್ಪುಗಾರರು ಜೂನ್ ಹನ್ನೊಂದರಂದು ಬರುತ್ತಾರೆಂದು ಪತ್ರ ಬಂತು.

ಪೊನಿರಾನ್ ನಡಿಗೆಯೇ ಬದಲಾಯಿತು. ನಲವತ್ತೊಂಬತ್ತು ವರ್ಷದ ವಿಧುರ ಅವರು. ಇದೇ ಹುರುಪಿನಲ್ಲಿ, ಪೇಟೆಯ ಮೂಲೆಯಲ್ಲಿ ಸೋತೊ ಸಾರಿನ ಅಂಗಡಿ ನಡೆಸುವ ವಿಧವೆ ಬು ಲಸಿನೆಮ್ ಅವರನ್ನು, ನಾಲ್ಕು ವರ್ಷದಿಂದ ಕೇಳದೆ ಉಳಿದಿದ್ದ ಮಾತು ಕೇಳಿಬಿಟ್ಟರು. ಆಕೆ ಸೌಟು ಕೆಳಗಿಡದೆಯೇ, “ದಿನ ನೋಡಿಸಿ,” ಎಂದಳು.

ದಿನ ನೋಡುವ ಹಿರಿಯರು ಇಬ್ಬರ ಹುಟ್ಟಿದ ವಾರ ಕೂಡಿಸಿ ಕಳೆದು, ಜೂನ್ ಇಪ್ಪತ್ತೈದು, ಬುಧವಾರ, ನಮ್ಮ ಐದು ದಿನದ ವಾರದಲ್ಲಿ ಪೊನ್ ಎಂದರು. ಅದರ ಹಿಂದೆಯೇ ಸುರೊ ತಿಂಗಳು. ಆ ತಿಂಗಳಲ್ಲಿ ಮದುವೆಯಾಗುವಷ್ಟು ಧೈರ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ. ಅದಾದ ಮೇಲೆ ಇಬ್ಬರಿಗೂ ಹೊಂದುವ ದಿನ ಅಕ್ಟೋಬರಿನಲ್ಲಿತ್ತು.

“ಅಕ್ಟೋಬರ್ ಅಂದ್ರೆ ನಾಕು ತಿಂಗಳು,” ಎಂದಳು ಲಸಿನೆಮ್. “ನಾಕು ತಿಂಗಳಿದ್ರೆ ಯಾರಾದ್ರೂ ಯೋಚನೆ ಮಾಡ್ತಾರೆ ಪಾಕ್. ನಾನು ಯೋಚನೆ ಮಾಡಿದ್ರೆ ನಿಮಗೆ ಒಳ್ಳೇದಾಗಲ್ಲ.”

ಇಪ್ಪತ್ತೈದಕ್ಕೆ ಮದುವೆಯಾಗಬೇಕಾದರೆ ಊರ ಕಚೇರಿಯ ಪತ್ರ ಹತ್ತು ಕೆಲಸದ ದಿನ ಮೊದಲು, ಅಂದರೆ ಹನ್ನೊಂದನೇ ತಾರೀಕು ಮಧ್ಯಾಹ್ನ ಮೂರರೊಳಗೆ, ಮದುವೆ ನೋಂದಣಿ ಕಚೇರಿಗೆ ಮುಟ್ಟಬೇಕಿತ್ತು. ಸಮಯ ಧಾರಾಳವಾಗಿತ್ತು.

ಜೂನ್ ಎರಡು ಮತ್ತು ಮೂರರಂದು, ತೀರ್ಪುಗಾರರ ಎದುರು ಹೇಗೆ ಮಾತನಾಡಬೇಕೆಂದು ಕಲಿಯಲು ಪೊನಿರಾನ್ ಮತ್ತೆ ಜಿಲ್ಲಾ ಕೇಂದ್ರಕ್ಕೆ ಹೋದರು. ನೌಕರರು ತಮ್ಮ ಅರ್ಜಿಯನ್ನು ತಾವೇ ಹಾಕಬಾರದೆಂಬ ನಿಯಮವೂ ಇತ್ತು. ಆದ್ದರಿಂದ ಮೂರನೇ ತಾರೀಕು ಅವರು ಸುಮಿಯೆಮ್‌ಗೆ ಫೋನ್ ಮಾಡಿದರು.

“ಬು, ನನ್ನ ಮದುವೆ ಅರ್ಜಿ ಇವತ್ತು ಹಾಕ್ಬಿಡಿ. ದಕ್ಷಿಣಕ್ಕೆ.”

“ಗೊತ್ತಪ್ಪ, ದಕ್ಷಿಣಕ್ಕೆ. ನನಗೆ ಹೇಳ್ಕೊಡ್ತೀರಾ?”

ಪೊನಿರಾನ್‌ಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಿಂದಿನ ದಿನ ಬೆಳಿಗ್ಗೆ ಬು ವುರ್ಯಾನಿ ಉತ್ತರದ ಗೋಡೆಯ ತುಂಬ ಐದು ಮೀಟರ್ ಉದ್ದದ ಸ್ವಾಗತದ ಬ್ಯಾನರ್ ಕಟ್ಟಿಸಿ, ಕಂಪ್ಯೂಟರಿನ ಮೇಜನ್ನು ಎದುರಿನ ದಕ್ಷಿಣದ ಗೋಡೆಗೆ ಸೇರಿಸಿದ್ದರು. ಈಗ ಕೂತವರ ಮುಖ ದಕ್ಷಿಣಕ್ಕೆ. ಪರದೆಯ ಮೇಲಂಚಿನಾಚೆ ಇರುವುದು ಸಮುದ್ರ, ಬೆನ್ನ ಹಿಂದೆ ಪರ್ವತ. ಸುಮಿಯೆಮ್‌ಗೆ ಗೊಂದಲವಾಗಲಿಲ್ಲ. ದಕ್ಷಿಣ ಎಲ್ಲಿದೆಯೆಂದು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಅರ್ಜಿಯನ್ನು ಎಳೆದು ಸಮುದ್ರದ ಕಡೆಗಿದ್ದ, ಅಂದರೆ ಮೇಲಂಚಿನ, ಫೋಲ್ಡರಿಗೆ ಹಾಕಿದರು. ಮೂರು ಗಂಟೆಗೆ ಅದು ಜಮೀನು ಕಚೇರಿಗೆ ಹೋಯಿತು.

ನಾಲ್ಕನೇ ತಾರೀಕು ಪೊನಿರಾನ್ ಬಂದು, ಮೇಜು ತಿರುಗಿರುವುದನ್ನು ನೋಡಿ, ಗಾಳಿ ಚೆನ್ನಾಗಿ ಬರುತ್ತದೆ ಎಂದರು. ಅವರ ಕೈಗೆ ಎರಡು ತಿಂಗಳ ರೂಢಿಯಿತ್ತು. ಜಮೀನೆಂದರೆ ಅದು ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಅವರ ಕೆಲಸವೆಲ್ಲ ಸರಿಯಾಗಿಯೇ ನಡೆಯಿತು.

“ದಕ್ಷಿಣಕ್ಕೇ ಹಾಕಿದ್ರಾ ಬು?”

“ದಕ್ಷಿಣಕ್ಕೇ ಹಾಕ್ದೆ.”

ಇಬ್ಬರೂ ಸುಳ್ಳು ಹೇಳಲಿಲ್ಲ. ಇದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಅದೇ ಸಂಜೆ ಒಂದು ಎಚ್ಚರಿಕೆ ಬಂದಿತ್ತು. ಎಂಬತ್ನಾಲ್ಕು ವರ್ಷದ ಅಜ್ಜ, ಮ್ಬಾಹ್ ಕಾರ್ಸೊನೊ, ಸೋಮವಾರ ತೀರಿಕೊಂಡಿದ್ದರು. ಅವರನ್ನು ಸುಮಿಯೆಮ್ ತಿರುಗಿದ ಪರದೆಯಲ್ಲಿ ಪಶ್ಚಿಮಕ್ಕೆ ಹಾಕಿದ್ದರು. ಬುಧವಾರ, ಮೂರನೇ ದಿನದ ಊಟಕ್ಕೆ ಜನ ಚಾಪೆಯ ಮೇಲೆ ಕೂತಿದ್ದಾಗ ಆರೋಗ್ಯ ಕೇಂದ್ರದ ಕಾರ್ಯಕರ್ತೆ ಮಗು ತೂಗುವ ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಳು.

“ಕಾರ್ಸೊನೊ ಅನ್ನೋ ಹೊಸ ಮಗು ಈ ಮನೇದಾ?” ಎಂದು ಆಕೆ ಪಿಸುಗುಟ್ಟಿದಳು.

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂದವರಿಗೆ ಮುಜುಗರವಾಗಬಾರದು. “ಹೌದು, ಒಳಗೆ ಬನ್ನಿ, ಊಟ ಮಾಡಿ,” ಎಂದರು. ಆಕೆ ಊಟ ಮಾಡಿ, ಅನ್ನದ ಪೊಟ್ಟಣ ಕಟ್ಟಿಸಿಕೊಂಡು, ಏನೂ ತೂಗದೆ ಹೋದಳು. ಮನೆಯವರಿಗೆ ಇಲಾಖೆಯ ಮೇಲೆ ಗೌರವ ಹೆಚ್ಚಿತು. ಆಕೆ ತನ್ನದೇ ತಪ್ಪಿರಬೇಕೆಂದುಕೊಂಡಳು. ದೂರು ಯಾರೂ ಕೊಡಲಿಲ್ಲ. ಬೇರೆ ಕಡೆಯಾಗಿದ್ದರೆ ಜಗಳವಾಗಿ ಅವತ್ತೇ ಎಲ್ಲ ಬಯಲಾಗುತ್ತಿತ್ತು.

ನಡುವೆ ಕುರ್ಬಾನಿ ಹಬ್ಬದ ರಜೆ ಬಂದು ಹೋಯಿತು. ಹತ್ತನೇ ತಾರೀಕು, ಮಂಗಳವಾರ, ಜಮೀನು ಕಚೇರಿಯ ಅಳತೆಗಾರ ಪಾಕ್ ಬಸ್ಕೊರೊ ಉದ್ದದ ಟೇಪು ಹೆಗಲಿಗೆ ಹಾಕಿಕೊಂಡು ಲಸಿನೆಮ್ ಅಂಗಡಿಗೆ ಬಂದರು. ಮೊದಲು ಎರಡು ಬಟ್ಟಲು ಸೋತೊ ಕುಡಿದರು. ಆಮೇಲೆ ಕಾಗದ ತೆಗೆದರು.

“ಬು, ಇಲ್ಲಿ ಲಸಿನೆಮ್ ಅನ್ನೋ ಜಾಗ ಎಲ್ಲಿದೆ?”

“ಲಸಿನೆಮ್ ನಾನೇ.”

“ಒಡತಿ ನೀವಾ. ಸಂತೋಷ. ಜಾಗ ತೋರ್ಸಿ, ಅಳೆದ್ಬಿಡ್ತೀನಿ.”

“ಯಾವ ಜಾಗ?”

ಬಸ್ಕೊರೊ ಓದಿದರು. ಮದುವೆ ಅರ್ಜಿಯ ಉತ್ತರಗಳನ್ನೆಲ್ಲ ಕಂಪ್ಯೂಟರು ತನಗೆ ತೋಚಿದಂತೆ ಜಮೀನಿನ ನಮೂನೆಯ ಕಾಲಮ್ಮುಗಳಲ್ಲಿ ತುಂಬಿತ್ತು. “ಜಾಗದ ಹೆಸರು, ಲಸಿನೆಮ್. ಮೂಲ ದಾಖಲೆ, ಸಾವಿರದ ಒಂಬೈನೂರ ಎಪ್ಪತ್ಮೂರು. ಹಿಂದಿನ ಸ್ವಾಧೀನದಾರ, ದಿವಂಗತ ಸುಗಿತೊ. ಈಗಿನ ಸ್ಥಿತಿ, ಖಾಲಿ. ಅರ್ಜಿದಾರ, ಪೊನಿರಾನ್. ಉದ್ದೇಶ, ಕಾಯಂ ವಾಸ.” ಅವರು ಕನ್ನಡಕ ಸರಿಮಾಡಿಕೊಂಡರು. “ಮರಗಳು ಎರಡು ಅಂತಿದೆ ಬು. ಆದ್ರೆ ಒಂದು ಸೆಮಾರಂಗ್‌ನಲ್ಲಿ, ಇನ್ನೊಂದು ಬಾಟಾಮ್‌ನಲ್ಲಿ ಅಂತ ಬರೆದಿದ್ದಾರೆ. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ಇಂಥದ್ದು ನೋಡಿಲ್ಲ.”

“ಅವು ಮರ ಅಲ್ಲ, ನನ್ನ ಮಕ್ಕಳು.”

ಬಸ್ಕೊರೊ ಟೇಪು ಮಡಚಿದರು. ಮಡಚಿದ್ದನ್ನು ಮತ್ತೆ ಬಿಚ್ಚಿದರು. “ಸ್ಥಳ ಪರಿಶೀಲನೆ ಅಂತೂ ಆಗಲೇಬೇಕು ಬು. ಬಂದ ಮೇಲೆ ಖಾಲಿ ಕಾಗದ ತಗೊಂಡು ಹೋಗೋ ಹಾಗಿಲ್ಲ.”

“ನಡೀರಿ, ಅರ್ಜಿದಾರನ್ನೇ ಪರಿಶೀಲಿಸೋಣ,” ಎಂದು ಲಸಿನೆಮ್ ಒಲೆ ಆರಿಸಿದಳು. ಹಾದಿಯುದ್ದಕ್ಕೂ ಅಳತೆಗಾರ ಹಿಂದೆ ಹಿಂದೆ ಬಂದರು. ಅವರ ಹಿಂದೆ, ಸೋತೊ ಅರ್ಧ ಕುಡಿದಿದ್ದ ಆರು ಗಿರಾಕಿಗಳು ಬಟ್ಟಲು ಸಮೇತ ಬಂದರು.

ಕಚೇರಿಯಲ್ಲಿ ಪೊನಿರಾನ್ ಮರುದಿನದ ಭಾಷಣ ಬಾಯಿಪಾಠ ಮಾಡುತ್ತಿದ್ದರು.

“ಪಾಕ್,” ಎಂದಳು ಲಸಿನೆಮ್, “ನಾನು ಎಷ್ಟು ಚದರ ಮೀಟರ್ ಇದೀನಿ?”

ಪೊನಿರಾನ್ ಎದ್ದು ನಿಂತರು. ಇದು ಪ್ರೀತಿಯ ಮಾತೋ ಅಲ್ಲವೋ ಎಂದು ಅವರಿಗೆ ತಿಳಿಯಲಿಲ್ಲ. ಕಾಗದ ಓದಿದ ಮೇಲೆ ತಿಳಿಯಿತು.

“ಬು ಸುಮಿಯೆಮ್! ದಕ್ಷಿಣಕ್ಕೆ ಹಾಕಿ ಅಂದಿದ್ದೆ!”

“ದಕ್ಷಿಣಕ್ಕೇ ಹಾಕಿದ್ದು! ಬನ್ನಿ ಇಲ್ಲಿ. ಸಮುದ್ರ ಯಾವ ಕಡೆ?”

“ಆ ಕಡೆ.”

“ಈ ಫೋಲ್ಡರ್ ಯಾವ ಕಡೆಗಿದೆ?”

“ಆ ಕಡೆಗೆ.”

“ಮತ್ತೆ? ನಿಮ್ಮ ಮೇಜು ತಿರುಗಿದ್ರೆ ಸಮುದ್ರ ಎದ್ದು ಹಿಂದಕ್ಕೆ ಹೋಗ್ಬೇಕಾ?”

ಆರು ಗಿರಾಕಿಗಳೂ ಸುಮಿಯೆಮ್ ಪರ ನಿಂತರು. ಒಬ್ಬ ಬಟ್ಟಲು ಹಿಡಿದ ಕೈಯಲ್ಲೇ ಪರ್ವತದ ಕಡೆ ತೋರಿಸಿ, “ಇಷ್ಟು ಗೊತ್ತಿಲ್ದೆ ಕಂಪ್ಯೂಟರ್ ಮುಂದೆ ಕೂರ್ತಾರಲ್ಲ,” ಎಂದ.

ಅರ್ಜಿ ವಾಪಸ್ ತೆಗೆಯಬಹುದೇ ಎಂದು ಬು ವುರ್ಯಾನಿ ಕೇಳಿದರು. ತೆಗೆಯಬಹುದು ಎಂದರು ಬಸ್ಕೊರೊ. ಜಾಗದ ನಾಲ್ಕೂ ದಿಕ್ಕಿನ ಗಡಿಯವರು ಸಹಿ ಹಾಕಬೇಕು, ಆಮೇಲೆ ಏಳು ದಿನ.

“ನನಗೆ ಗಡಿ ಯಾರು?” ಎಂದಳು ಲಸಿನೆಮ್.

“ಈಗ ಉತ್ತರಕ್ಕೆ ನಾನು ನಿಂತಿದೀನಿ,” ಎಂದು ಬಸ್ಕೊರೊ ಪ್ರಾಮಾಣಿಕವಾಗಿ ಹೇಳಿ ಒಂದು ಹೆಜ್ಜೆ ಹಿಂದೆ ಸರಿದರು.

ಲಸಿನೆಮ್ ಪೊನಿರಾನ್ ಕಡೆ ತಿರುಗಿದಳು. ಮುಂದಿನ ಹತ್ತು ನಿಮಿಷ ಆಕೆ ಹೇಳಿದ್ದರಲ್ಲಿ ಅಚ್ಚಿಗೆ ಹೋಗುವಂಥದ್ದು ಇಷ್ಟು: “ನಾಳೆ ಮೂರು ಗಂಟೆ. ಅದಾದ್ಮೇಲೆ ಅಕ್ಟೋಬರೂ ಇಲ್ಲ, ನವೆಂಬರೂ ಇಲ್ಲ. ನನ್ನ ಜಾಗ ಖಾಲಿಯಾಗೇ ಇರತ್ತೆ.” ಪೊನಿರಾನ್ ಕುರ್ಚಿಯ ಬೆನ್ನು ಹಿಡಿದುಕೊಂಡು ಎಲ್ಲದಕ್ಕೂ ಹೌದು ಹೌದು ಎಂದರು. ಇದನ್ನೆಲ್ಲ ಮೂಲೆಯಲ್ಲಿ ನಿಂತು ನೋಡಿದ ಬಸ್ಕೊರೊ ತಮ್ಮ ಕಾಗದದ ಕೊನೆಯ ಕಾಲಮನ್ನು ತುಂಬಿದರು: ‘ಸ್ಥಳ ಪರಿಶೀಲನೆ ಆಯಿತು. ಅರ್ಜಿದಾರನೇ ಜಾಗದ ಸ್ವಾಧೀನದಲ್ಲಿರುವುದು ಕಂಡುಬಂತು.’

ಬುಧವಾರ ಬೆಳಿಗ್ಗೆ ಏಳಕ್ಕೆ ಪೊನಿರಾನ್ ಕಚೇರಿಗೆ ಬಂದು ತಪ್ಪನ್ನು ಬುಡದಿಂದ ಸರಿಪಡಿಸಿದರು. ಮೇಲಿನ ಫೋಲ್ಡರನ್ನು ಕೆಳಕ್ಕೂ, ಪೂರ್ವದ್ದನ್ನು ಪಶ್ಚಿಮಕ್ಕೂ ಬದಲಿಸಿದರು. ಈಗ ದಕ್ಷಿಣದ ಗೋಡೆಗೆ ಮುಖ ಮಾಡಿ ಕೂತವರಿಗೆ ಎಲ್ಲ ದಿಕ್ಕೂ ಸರಿಯಾಗಿದ್ದವು. ಹೊಸ ಮದುವೆ ಅರ್ಜಿಯನ್ನು ಮೂರರೊಳಗೆ ಸುಮಿಯೆಮ್ ದಕ್ಷಿಣಕ್ಕೆ ಹಾಕಿದರಾಯಿತೆಂದು ನೆಮ್ಮದಿಯಿಂದ ಚಹಾ ಕುಡಿಯಲು ಹೋದರು. ಏಳು ನಲವತ್ತಕ್ಕೆ ಬು ವುರ್ಯಾನಿ ಬಂದು, ರಾತ್ರಿಯೆಲ್ಲ ಮನಸ್ಸನ್ನು ಕೊರೆಯುತ್ತಿದ್ದ ತಪ್ಪನ್ನು ತಾವೂ ಬುಡದಿಂದ ಸರಿಪಡಿಸಿದರು. ಬ್ಯಾನರ್ ಬಿಚ್ಚಿಸಿ ಗೇಟಿಗೆ ಕಟ್ಟಿಸಿ, ಮೇಜನ್ನು ಮತ್ತೆ ಉತ್ತರದ ಗೋಡೆಗೆ ಹಾಕಿಸಿದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ತಪ್ಪು ಒಪ್ಪಿಕೊಂಡಂತೆ ಕಾಣಬಾರದಲ್ಲ.

ತೀರ್ಪುಗಾರರು ಮೂವರು, ಮಧ್ಯಾಹ್ನ ಒಂದೂವರೆಗೆ ಬಂದರು. ಮುಖ್ಯರಾದ ಪಾಕ್ ತಾತಾಂಗ್ ಬಂಡುಂಗ್ ಕಡೆಯವರು, ಎಡ ಬಲದಲ್ಲಿ ಮಾತನಾಡುವವರು. ಉಳಿದಿಬ್ಬರಲ್ಲಿ ಒಬ್ಬಾಕೆಯ ಕೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರವಿತ್ತು. ‘ಸೇವೆಗೆ ಹಿಡಿದ ಸಮಯ’ ಎಂಬ ಕಾಲಮನ್ನು ತುಂಬುವುದು ಆಕೆಯ ಕೆಲಸ.

“ಒಂದು ಮದುವೆ ಅರ್ಜಿ ಕಳಿಸಿ ನೋಡೋಣ,” ಎಂದರು ತಾತಾಂಗ್.

“ತುಂಬ ಸುಲಭ ಪಾಕ್. ದಕ್ಷಿಣಕ್ಕೆ,” ಎಂದರು ಪೊನಿರಾನ್. ಅವರ ಕೈ ಕೆಳಗೆ ಹೋಯಿತು. ಬೆಳಿಗ್ಗೆ ತಾನೇ ಅದಲುಬದಲು ಮಾಡಿದ್ದು ನೆನಪಾಗಿ ಮೇಲೆ ಹೋಯಿತು. ಮೇಜು ತಿರುಗಿದೆ ಎಂದು ಆಗ ಕಣ್ಣಿಗೆ ಬಿದ್ದು ನಡುವೆ ನಿಂತಿತು. ಅಲ್ಲಿ ಬು ವುರ್ಯಾನಿಯವರ ಮೂಗಿತ್ತು.

“ಕೆಳಗೆ,” ಎಂದರು ಸುಮಿಯೆಮ್.

“ಕೆಳಗಿರೋದು ಜಮೀನು ಬು, ಬೆಳಿಗ್ಗೆ ನಾನೇ ಬದಲಿಸಿದೀನಿ.”

“ದಕ್ಷಿಣ ಬದಲಿಸೋಕೆ ನೀವ್ಯಾರು?”

“ಹಾಗಾದ್ರೆ ಎಡಗಡೆ ಇರೋದು ಯಾವುದು?” ಎಂದು ತಾತಾಂಗ್ ಕೇಳಿದರು. ಕೋಣೆಯಲ್ಲಿದ್ದವರೆಲ್ಲ ತಮ್ಮ ಕಾಲು ನೋಡಿಕೊಂಡರು.

ನಲವತ್ತು ನಿಮಿಷ ಹೀಗೆಯೇ ಕಳೆಯಿತು. ಪ್ರಯೋಗಕ್ಕೆಂದು ಹಾಕಿದ ಅರ್ಜಿಗಳಲ್ಲಿ ತಾತಾಂಗ್ ಒಮ್ಮೆ ಹುಟ್ಟಿದರು, ಒಮ್ಮೆ ಅಳತೆಗೆ ಹೋದರು. ಗಡಿಯಾರದ ಹೆಂಗಸಿನ ಕಾಲಂ ಖಾಲಿಯಾಗಿಯೇ ಉಳಿಯಿತು. ಎರಡು ಇಪ್ಪತ್ತಕ್ಕೆ ಲಸಿನೆಮ್ ಒಳಗೆ ಬಂದಳು. ಸೊಂಟದ ಬಟ್ಟೆಯಲ್ಲಿ ಇನ್ನೂ ಅರಿಶಿನದ ಕಲೆಯಿತ್ತು.

“ನಿಮ್ಮ ಕೆಲಸ ಏನು ಬು?” ಎಂದರು ತಾತಾಂಗ್, ವಿಷಯ ಬದಲಾದದ್ದಕ್ಕೆ ಸಂತೋಷಪಟ್ಟು.

“ಸದ್ಯಕ್ಕೆ ನಾನೊಂದು ಜಮೀನು ಪಾಕ್. ಮೂರು ಗಂಟೆಯೊಳಗೆ ಹೆಂಡ್ತಿ ಆಗ್ಬೇಕಿತ್ತು.” ಆಕೆ ಸುಮಿಯೆಮ್ ಕಡೆ ತಿರುಗಿದಳು. “ಅಕ್ಕಾ, ಆ ಅರ್ಜಿ ಕಾಗದದ ಮೇಲೆ ಇಲ್ವಾ?”

“ಇದೆ. ಖಾನೆಲಿ.” ಸುಮಿಯೆಮ್ ಪೊನಿರಾನ್ ಮುಖ ನೋಡಲಿಲ್ಲ. “ನಾನು ಎಲ್ಲಾದಕ್ಕೂ ಒಂದು ಪ್ರತಿ ತೆಗೆದಿಟ್ಕೊಂಡಿರ್ತೀನಿ. ಯಾರಿಗೂ ಹೇಳಿಲ್ಲ ಅಷ್ಟೆ.”

ಬು ವುರ್ಯಾನಿ ನಿಂತಲ್ಲೇ ಸಹಿ ಮಾಡಿ ಮೊಹರು ಒತ್ತಿದರು. ಲಸಿನೆಮ್ ಕಾಗದವನ್ನು ಎರಡು ಮಡಿಕೆ ಮಾಡಿ ಕೈಯಲ್ಲಿ ಹಿಡಿದು ಹೊರಟಳು. ಪೊನಿರಾನ್ ಹಿಂದೆಯೇ ಹೊರಟವರು ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಗೇಟಿನವರೆಗೆ ಮಾತ್ರ ತಲುಪಿದರು. ಗಡಿಯಾರದ ಹೆಂಗಸು ಕಿಟಕಿಯಲ್ಲಿ ನಿಂತು ಗುಂಡಿ ಒತ್ತಿದಳು. ಮದುವೆ ನೋಂದಣಿ ಕಚೇರಿ ರಸ್ತೆಯಾಚೆ ಇನ್ನೂರ ಇಪ್ಪತ್ತು ಮೀಟರ್ ದೂರದಲ್ಲಿದೆ. ಲಸಿನೆಮ್ ಸಹಿ ಹಾಕಿದ ರಸೀದಿ ಹಿಡಿದು ಬಾಗಿಲಲ್ಲಿ ಮತ್ತೆ ಕಾಣಿಸಿಕೊಂಡಾಗ ಏಳು ನಿಮಿಷ ಹನ್ನೊಂದು ಸೆಕೆಂಡು ಆಗಿತ್ತು. ರಸೀದಿಯ ಮೇಲೆ ಎರಡು ಮೂವತ್ತೆರಡು ಎಂದು ಬರೆದಿತ್ತು. ಮದುವೆಯ ತಾರೀಕು ಇಪ್ಪತ್ತೈದು ಎಂದಿತ್ತು.

ಪೊನಿರಾನ್ ಗೇಟಿನಲ್ಲೇ ಕೂತುಬಿಟ್ಟರು. ಅವರಿಗೆ ಯಾರೋ ನೀರು ಕೊಟ್ಟರು.

ತಾತಾಂಗ್ ಪೆನ್ನು ತೆರೆದು ಲಸಿನೆಮ್ ಎದುರು ಕೂತರು. ಅವರ ಕಾಗದದಲ್ಲಿ ಬಳಸುವವರನ್ನು ಕೇಳಬೇಕಾದ ಪ್ರಶ್ನೆಯೊಂದಿತ್ತು. “ಬು, ನಿಮಗೆ ಮೊದಲೇ ಯಾರಾದ್ರೂ ತರಬೇತಿ ಕೊಟ್ಟಿದ್ರಾ?”

“ಇಲ್ಲ.”

“ಮತ್ತೆ ಅರ್ಜಿ ಎಲ್ಲಿ ಹಾಕ್ಬೇಕು ಅಂತ ಹೇಗೆ ಗೊತ್ತಾಯ್ತು?”

“ಅಲ್ಲೊಬ್ರು ಕೂತಿದ್ರು ಪಾಕ್,” ಎಂದಳು ಲಸಿನೆಮ್. “ಅವರ ಕೈಗೆ ಕೊಟ್ಟೆ.”